ಆರು ಮನೆಯ ಪೆಟ್ಟಿಗೆ

ಗುಂಡ್ಲುಪೇಟೆಯಲ್ಲಿ ನಾನು ಎಂಟು ವರ್ಷ ವರದಿಗಾರನಾಗಿದ್ದೆ. ಅಲ್ಲಿಯೂ ಆಮೇಲೆ ಚಾಮರಾಜನಗರದಲ್ಲಿಯೂ ತಿದ್ದುಪಡಿ ಕೇಳಿಕೊಂಡು ಬಂದವರು ಬಹಳ ಜನ. ಹೆಸರು ತಪ್ಪಾಗಿದೆ ಎಂದವರು, ಹುದ್ದೆ ತಪ್ಪಾಗಿದೆ ಎಂದವರು, ತಾವು ಹಾಗೆ ಹೇಳಿಯೇ ಇಲ್ಲ ಎಂದವರು. ತಮ್ಮನ್ನು ಹೊಗಳಿ ಬರೆದ ವರದಿ ತಪ್ಪು, ಅದನ್ನು ತಿದ್ದಿ ಎಂದು ಕೇಳಿದವರು ಒಬ್ಬರೇ. ಅವರು ಕಳೆದ ತಿಂಗಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಸಾಲು ಬಂತು. ಹೆಸರು ಮತ್ತು ವಯಸ್ಸು, ಮಗಳು, ಅಳಿಯ, ಮೊಮ್ಮಗಳನ್ನು ಅಗಲಿದ್ದಾರೆ ಎಂಬ ಮಾತು, ಅಂತ್ಯಕ್ರಿಯೆ ಎಲ್ಲಿ ನಡೆಯಿತು ಎಂಬ ವಿವರ. ಆ ಸಾಲುಗಳನ್ನು ಬರೆದವನು ನಾನೇ. ಅವುಗಳಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ಹೆಸರು ಬರೆಯುತ್ತಿಲ್ಲ. ಮಗಳು ಹಾಗೆ ಕೇಳಿಕೊಂಡಿದ್ದಾರೆ. ಊರಿನವರು ಅವರನ್ನು ಸೋಲಾರಪ್ಪ ಎನ್ನುತ್ತಿದ್ದರು. ಆ ಹೆಸರು ಸಾಕು.

ಗುಂಡ್ಲುಪೇಟೆಯ ಪೇಟೆ ಬೀದಿಯ ಹಿಂದೆ ಅವರದು ಒಂದು ಸಣ್ಣ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಅಲ್ಲಿಗೆ ಬರುತ್ತಿದ್ದದ್ದು ಕಾಡಂಚಿನ ಊರುಗಳ ಸೋಲಾರ್ ಲಾಟೀನುಗಳು, ಹೊಲದ ಅಟ್ಟಣೆಯಲ್ಲಿ ಕೂತು ಹಂದಿ ಕಾಯುವವರ ಚಾರ್ಜಿಂಗ್ ಟಾರ್ಚುಗಳು, ಸೊಳ್ಳೆ ಬ್ಯಾಟುಗಳು, ಕರೆಂಟು ಹೋದಾಗ ತಾನೇ ಹತ್ತಿಕೊಳ್ಳುವ ಬಲ್ಬುಗಳು, ಮನೆಯ ಸೂರಿನ ಮೇಲಿನ ಸೋಲಾರ್ ದೀಪದ ದೊಡ್ಡ ಬ್ಯಾಟರಿಗಳು. ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ 'ಪರಿಸರಸ್ನೇಹಿ' ಎಂಬ ಅಚ್ಚು. ಕೊಂಡ ಎರಡನೆಯ ವರ್ಷಕ್ಕೆ ಅವೆಲ್ಲ ಅವರ ಬಳಿ ಬರುತ್ತಿದ್ದವು.

ನಾನು ಮೊದಲ ಸಲ ಹೋದಾಗ ಉಡಿಗಾಲದ ಹೆಂಗಸೊಬ್ಬರು ಸೊಳ್ಳೆ ಬ್ಯಾಟು ಹಿಡಿದು ನಿಂತಿದ್ದರು.

"ಅಣ್ಣಾ, ಸೊಳ್ಳೆ ಮುಟ್ಟುದ್ರೆ ಸುಮ್ಕಿರ್ತದೆ, ನಾನ್ ಮುಟ್ಟುದ್ರೆ ಕರೆಂಟ್ ಒಡಿತದೆ. ಏನ್ ಬ್ಯಾಟೋ ಇದು."

"ನಿನ್ನ ಕಂಡ್ರೆ ಅದ್ಕೂ ಆಗಕಿಲ್ಲ ಕಣವ್ವ. ಬುಟ್ಟೋಗು, ನಾಳೀಕೆ ಬಾ."

ಆಮೇಲೆ ನನ್ನ ಕಡೆ ತಿರುಗಿ ಒಂದು ಲಾಟೀನನ್ನು ಎತ್ತಿ ತೋರಿಸಿದರು. "ನೋಡಿ ಸಾ. ಎಲೆ ಚಿತ್ರ ಆಕವ್ರೆ, ಸ್ಕ್ರೂ ಆಕಿಲ್ಲ."

ಅದು ಅವರ ಮುಖ್ಯ ದೂರು. ಸ್ಕ್ರೂ ಇದ್ದರೆ ಬಿಚ್ಚಬಹುದು, ಬಿಚ್ಚಿದರೆ ಸರಿ ಮಾಡಬಹುದು. ಈ ವಸ್ತುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಅವರು ಗರಗಸದ ಬ್ಲೇಡನ್ನು ಬಿಸಿ ಮಾಡಿ ಅಂಟಿನ ಗೆರೆಯ ಮೇಲೆ ಎಳೆದು ತೆರೆಯುತ್ತಿದ್ದರು. ಕೆಟ್ಟುಹೋಗಿದೆ ಎಂಬ ಮಾತನ್ನು ಅವರು ಆಡಿದ್ದು ನಾನು ಕೇಳಿಲ್ಲ. "ಮಲಿಕ್ಕಂಡದೆ" ಎನ್ನುತ್ತಿದ್ದರು. ಎಬ್ಬಿಸಲಾಗದ್ದನ್ನು ಕಪಾಟಿನ ಕೆಳಗಿನ ಹಲಗೆಗೆ ಇಡುತ್ತಿದ್ದರು. ಆ ಹಲಗೆ ಯಾವಾಗಲೂ ತುಂಬಿರುತ್ತಿತ್ತು.

ಮೈಸೂರಿನಿಂದ ಲಾಟೀನು ಮಾರಲು ಬಂದ ಏಜೆಂಟನೊಬ್ಬನನ್ನು ಅವರು ಕೇಳಿದ ಪ್ರಶ್ನೆ ನನಗೆ ನೆನಪಿದೆ.

"ಇದು ಮಲಿಕ್ಕಂಡ ಮೇಲೆ ಎಲ್ಲಿಗೆ ತಂದ್ ಕೊಡನ?"

"ಕಂಪನಿ ವಾಪಸ್ ತಗೊಳ್ಳುತ್ತೆ ಸರ್. ಡಬ್ಬದ ಮೇಲೆ ನಂಬರ್ ಇದೆ."

ಅವರು ಅಲ್ಲೇ ಆ ನಂಬರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಸಂಗೀತ ಬರುತ್ತಲೇ ಇತ್ತು. ಏಜೆಂಟ್ ಟೀ ಕುಡಿದು ಎದ್ದು ಹೋದ. "ಸಂಗೀತ ಚೆನ್ನಾಗದೆ" ಎಂದರು ಸೋಲಾರಪ್ಪ. ಆ ಫೋನನ್ನು ಅವರು ತಿಂಗಳಿಗೊಮ್ಮೆಯಾದರೂ ಮಾಡುತ್ತಿದ್ದರು. ಯಾರೂ ಎತ್ತಲಿಲ್ಲ.

ಬ್ಯಾಟರಿಯ ಬದಿಯಲ್ಲಿ ಕಸದ ಬುಟ್ಟಿಯೊಂದರ ಚಿತ್ರ, ಅದರ ಮೇಲೆ ಅಡ್ಡಗೆರೆ ಇರುತ್ತದೆ. ಎಸೆಯಬೇಡಿ ಎಂದು ಅದರ ಅರ್ಥ. ಅವರು ಅದನ್ನು ಪಾಲಿಸಿದರು. ಒಳಗಿನ ಸೀಸದ ತಗಡುಗಳನ್ನು ಗಡಿಯಾಚೆಯ ತಮಿಳುನಾಡಿನ ಗುಜರಿಯವರು ಬಂದು ಒಯ್ಯುತ್ತಿದ್ದರು. ಪ್ಲಾಸ್ಟಿಕ್ ಪೆಟ್ಟಿಗೆ ಯಾರಿಗೂ ಬೇಡ. ದೊಡ್ಡ ಬ್ಯಾಟರಿಯ ಪೆಟ್ಟಿಗೆಯ ಒಳಗೆ ಅಡ್ಡ ಗೋಡೆಗಳು ಇದ್ದು ಆರು ಭಾಗ ಇರುತ್ತದೆ. ಅವರು ಮೇಲಿನ ಮುಚ್ಚಳ ಕೊಯ್ದು, ತಗಡು ತೆಗೆದು, ಬುಡಕ್ಕೆ ತೂತು ಕೊರೆದು, ಆರು ಭಾಗಕ್ಕೂ ಕೆಮ್ಮಣ್ಣು ಮತ್ತು ಗೊಬ್ಬರ ತುಂಬಿದರು. ಕೊತ್ತಂಬರಿ, ಮೆಂತ್ಯ, ಪುದೀನ, ದಂಟು, ಸಬ್ಬಸಿಗೆ, ದೊಡ್ಡಪತ್ರೆ. ಜನ ಅದನ್ನು 'ಆರು ಮನೆ ಪೆಟ್ಟಿಗೆ' ಎಂದು ಕರೆದರು.

ಪೆಟ್ಟಿಗೆಯನ್ನು ಅವರು ಮಾರಲಿಲ್ಲ, ಕೊಟ್ಟರು. ರಿಪೇರಿಗೆ ಬಂದವರಿಗೆ, ಹೊಸ ಮನೆ ಹೊಕ್ಕವರಿಗೆ, ಪರಿಚಯವಾದವರಿಗೆ. ಹೆರಿಗೆಯಾದ ಮನೆ ಎಂದು ಗೊತ್ತಾದರೆ ತಾವೇ ಮೊಪೆಡ್ ಮೇಲೆ ಕಟ್ಟಿಕೊಂಡು ಹೋಗಿ ಇಟ್ಟು ಬರುತ್ತಿದ್ದರು. ನಮ್ಮ ಕಡೆ ಬಾಣಂತಿಗೆ ಹಾಲು ಬರಲೆಂದು ಸಬ್ಬಸಿಗೆ ಸೊಪ್ಪಿನ ಸಾರು ಮಾಡುತ್ತಾರೆ. ಕೂಸಿಗೆ ಶೀತವಾದರೆ ದೊಡ್ಡಪತ್ರೆಯ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಾರೆ. ಬಾಣಂತಿ ಮನೆಯ ಪೆಟ್ಟಿಗೆಯಲ್ಲಿ ಅವರು ಮೂರು ಭಾಗಕ್ಕೆ ಸಬ್ಬಸಿಗೆ, ಮೂರು ಭಾಗಕ್ಕೆ ದೊಡ್ಡಪತ್ರೆ ಹಾಕುತ್ತಿದ್ದರು. ಮಗಳು ಹೆರಿಗೆಗೆ ಬಂದಾಗ ಅವರ ಹಿತ್ತಲಿನಲ್ಲೂ ಅಂಥ ನಾಲ್ಕು ಪೆಟ್ಟಿಗೆಗಳಿದ್ದವು. ಅಳಿಯನಿಗೆ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಮಗಳು ಮತ್ತು ಕೂಸು ಅವರ ಮನೆಯಲ್ಲೇ ಉಳಿದರು.

ಪರಿಸರ ದಿನದ ಪುಟಕ್ಕೆ ನಾನು ಅವರ ಬಗ್ಗೆ ಬರೆದೆ. ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಕೇಳಿದೆ. ಬ್ಯಾಟರಿಯಲ್ಲಿ ಆಸಿಡ್ ಇರುತ್ತದಲ್ಲ?

ಅವರು ತೊಳೆಯುವ ಕ್ರಮ ತೋರಿಸಿದರು. ಸೋಡಾ ಪುಡಿ ಕಲಸಿದ ನೀರಿನಲ್ಲಿ ಮೂರು ಸಲ. ಮೊದಲ ನೀರು ನೊರೆಯುಕ್ಕಿತು, ಎರಡನೆಯದು ಕಡಿಮೆ, ಮೂರನೆಯದು ಸುಮ್ಮನಿತ್ತು. ಆಮೇಲೆ ಒಳಗೋಡೆಗೆ ಬೆರಳು ಉಜ್ಜಿ, ಹುಳಿ ಇದೆಯೇ ಎಂದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು.

"ಉಳಿ ಇಲ್ಲ. ಉಳಿ ಓಯ್ತು ಅಂದ್ರೆ ಎಲ್ಲ ಓದಂಗೆ ಸಾ. ನೀವೂ ನೋಡಿ ಬೇಕಾರೆ."

ನಾನು ನೋಡಲಿಲ್ಲ. ಆದರೆ ಬರೆದುಕೊಂಡೆ. ಮೂರು ತೊಳೆತ, ನೊರೆ, ನಾಲಿಗೆ ಎಲ್ಲವನ್ನೂ ವರದಿಯಲ್ಲಿ ಸೇರಿಸಿದೆ. ಓದುಗರಿಗೆ ಅದು ಹಿಡಿಸುತ್ತದೆ ಎಂದು ಗೊತ್ತಿತ್ತು. ಆಸಿಡ್ಡಿನ ಆಚೆ ಇನ್ನೇನಾದರೂ ಇರುತ್ತದೆಯೇ ಎಂದು ಕೇಳಲಿಲ್ಲ. ಸೀಸಕ್ಕೆ ಹುಳಿ ಇಲ್ಲ, ನೊರೆ ಇಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಕೆಲಸ ಅವರದಲ್ಲ, ನನ್ನದು.

ಇನ್ನೊಂದು ತಪ್ಪೂ ಆ ವರದಿಯಲ್ಲಿದೆ. ಅವರು ನಕ್ಕಾಗ ವಸಡಿನ ಅಂಚಿನಲ್ಲಿ ಕಪ್ಪುನೀಲಿ ಗೆರೆ ಕಾಣುತ್ತಿತ್ತು. ನಾನು 'ಎಲೆಅಡಿಕೆಯ ನಗು' ಎಂದು ಬರೆದೆ. ಅವರು ಎಲೆಅಡಿಕೆ ಹಾಕುವವರಲ್ಲ. ಅಂಥ ಗೆರೆ ಸೀಸ ದೇಹಕ್ಕೆ ಸೇರಿದವರಲ್ಲಿ ಮೂಡುತ್ತದೆ ಎಂದು ಆಮೇಲೆ ವೈದ್ಯರೊಬ್ಬರು ಹೇಳಿದರು.

ವರದಿ ದೊಡ್ಡದಾಗಿ ಬಂತು. ಮೊಮ್ಮಗಳನ್ನು ಒಂದು ಕೈಯಲ್ಲಿ, ಸೊಪ್ಪಿನ ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದ ಅವರ ಬಣ್ಣದ ಚಿತ್ರ. ಮುಂದಿನ ವಾರದಿಂದ ಕುದೇರಿನಿಂದ, ಉಡಿಗಾಲದಿಂದ, ಚಾಮರಾಜನಗರದಿಂದ ಜನ ಪೆಟ್ಟಿಗೆ ಕೇಳಿಕೊಂಡು ಬಂದರು. ಸೋಲಾರ್ ದೀಪ ಮಾರುವವನೊಬ್ಬ ಆ ಪುಟವನ್ನು ದೊಡ್ಡದು ಮಾಡಿಸಿ ತನ್ನ ಮಳಿಗೆಯಲ್ಲಿ ತೂಗುಹಾಕಿದ. ದೀಪ ಆರಿದ ಮೇಲೂ ನಮ್ಮ ಬ್ಯಾಟರಿ ಸೊಪ್ಪು ಬೆಳೆಯುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದನಂತೆ.

ಕೆಲವು ತಿಂಗಳಲ್ಲಿ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಸೋಲಾರಪ್ಪ ಆಗಾಗ ಫೋನ್ ಮಾಡುತ್ತಿದ್ದರು. ಮೊದಮೊದಲು ಮೊಮ್ಮಗಳು ಹೊಸದಾಗಿ ಕಲಿತ ಮಾತುಗಳ ಸುದ್ದಿ, ಆಮೇಲೆ ಅವಳ ಹೊಟ್ಟೆನೋವಿನ ಸುದ್ದಿ. ಮೊದಲು ಜಂತುಹುಳದ ಔಷಧಿ ಕೊಟ್ಟರು. ದೃಷ್ಟಿ ತೆಗೆದರು. ಮಗು ಬಿಳಿಚಿಕೊಂಡಿತು, ಮಲವಿಸರ್ಜನೆ ನಾಲ್ಕು ದಿನಕ್ಕೊಮ್ಮೆ ಆಯಿತು, ಹಿತ್ತಲಿನ ಪೆಟ್ಟಿಗೆಯ ಮಣ್ಣನ್ನು ಬಗೆದು ತಿನ್ನತೊಡಗಿತು. ರಕ್ತ ಕಡಿಮೆಯಾದ ಮಕ್ಕಳು ಮಣ್ಣು ತಿನ್ನುತ್ತವೆ ಎಂದು ಟಾನಿಕ್ ಕೊಟ್ಟರು. ಮೂರು ವರ್ಷಕ್ಕೆ ಆಡುತ್ತಿದ್ದ ಮಾತುಗಳಲ್ಲಿ ಕೆಲವನ್ನು ನಾಲ್ಕನೆಯ ವರ್ಷದಲ್ಲಿ ಆಡಲಿಲ್ಲ. ಕೊನೆಗೆ ಮೈಸೂರಿನ ಮಕ್ಕಳ ವೈದ್ಯೆಯೊಬ್ಬರು ರಕ್ತ ನೋಡಿ, ಔಷಧಿ ಬರೆಯುವ ಮೊದಲು ಮಗಳನ್ನು ಕೇಳಿದರು: "ಮನೆಯಲ್ಲಿ ಯಾರು ಏನು ಕೆಲಸ ಮಾಡ್ತಾರಮ್ಮ?"

ಮಗಳು ಹೇಳಿದರು. ಮಗುವಿನ ರಕ್ತ ಬೆಂಗಳೂರಿಗೆ ಹೋಯಿತು. ವರದಿಯಲ್ಲಿ ಸೀಸದ ಪ್ರಮಾಣ ಇರಬಾರದಷ್ಟು ಇತ್ತು.

ಒಂದು ಮಧ್ಯಾಹ್ನ ಅವರು ಚಾಮರಾಜನಗರದ ನಮ್ಮ ಕಚೇರಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು ರಕ್ತದ ವರದಿ. ಇನ್ನೊಂದು ನನ್ನ ಲೇಖನ, ಲ್ಯಾಮಿನೇಷನ್ ಮಾಡಿಸಿದ್ದು.

"ಇದ್ನ ತಿದ್ಬೇಕು ಸಾ."

"ಯಾವುದನ್ನ?"

"ನೀವ್ ಬರ್ದಿರದ. ಸೊಪ್ಪು ಒಳ್ಳೇದಲ್ಲ ಅಂತ ಆಕಿ. ತಿನ್ಬೇಡಿ ಅಂತ ಆಕಿ."

ನಾನು ರಕ್ತದ ವರದಿ ಎರಡು ಸಲ ಓದಿದೆ. ಅದರಲ್ಲಿ ಸೊಪ್ಪಿನ ಮಾತಿರಲಿಲ್ಲ. ಸೀಸ ಅಂಗಡಿಯ ಧೂಳಿನಿಂದ ಬಂದಿರಬಹುದು, ಅವರ ಬಟ್ಟೆಯಿಂದ ಬಂದಿರಬಹುದು, ಮಗು ತಿಂದ ಮಣ್ಣಿನಿಂದ ಬಂದಿರಬಹುದು. ಸೊಪ್ಪನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿ ತಂದರೆ ಹಾಕಬಹುದು ಎಂದೆ. ದಾಖಲೆ ಇಲ್ಲದೆ ಹಾಕುವುದು ಪತ್ರಿಕೆಯ ನಿಯಮವಲ್ಲ ಎಂದೂ ಹೇಳಿದೆ.

ಅವರು ಲ್ಯಾಮಿನೇಷನ್ ಮಾಡಿಸಿದ ಲೇಖನವನ್ನು ನನ್ನ ಕಡೆ ತಿರುಗಿಸಿದರು.

"ಒಳ್ಳೇದು ಅಂತ ಬರ್ದಾಗ ಯಾವ್ ಪರೀಕ್ಸೆ ಕೇಳುದ್ರಿ ಸಾ?"

ದನಿ ಏರಿರಲಿಲ್ಲ. ಕೇಳಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು. ನಿಯಮದ ಮಾತನ್ನೇ ಇನ್ನೊಮ್ಮೆ ಹೇಳಿದೆ.

"ನೇಮ ಇರ್ಲಿ ಬುಡಿ. ಬೇರೆಯೋರ್ ಮನೆಲೂ ಮಕ್ಳವೆ" ಎಂದು ಕಾಗದಗಳನ್ನು ಮತ್ತೆ ಕವರಿಗೆ ಹಾಕಿಕೊಂಡರು.

ಸೊಪ್ಪು ಮತ್ತು ಮಣ್ಣಿನ ಮಾದರಿಯನ್ನು ನಾನೇ ಮೈಸೂರಿಗೆ ಕಳುಹಿಸಿದೆ. ಉತ್ತರ ಬರಲು ಬಹಳ ದಿನ ಹಿಡಿಯಿತು. ಅವರು ಕಾಯಲಿಲ್ಲ. ಅಂಗಡಿ ಮುಚ್ಚಿದರು. ಮಗಳನ್ನು ಕೂರಿಸಿಕೊಂಡು, ಯಾರ್ಯಾರಿಗೆ ಪೆಟ್ಟಿಗೆ ಕೊಟ್ಟಿದ್ದೆ ಎಂದು ನೆನಪು ಮಾಡಿಕೊಂಡು ಒಂದು ನೋಟುಪುಸ್ತಕದಲ್ಲಿ ಬರೆಸಿದರು. ಕೆಲವರ ಹೆಸರು ಗೊತ್ತಿತ್ತು, ಕೆಲವರದು ಮನೆಯ ಗುರುತು ಮಾತ್ರ. ಹತ್ತೊಂಬತ್ತು ಪುಟ ಆಯಿತು. ಮಕ್ಕಳಿರುವ ಮನೆಗಳನ್ನು ಮೊದಲು ಬರೆಸಿದ್ದರು. ಮರುದಿನದಿಂದ ಮೊಪೆಡ್ ಮೇಲೆ ಪೆಟ್ಟಿಗೆ ವಾಪಸ್ ಕೇಳಲು ಹೊರಟರು. ಒಂದು ಮನೆಯ ಕೆಲಸ ಮುಗಿದರೆ ಸಂಜೆ ಮಗಳ ಕೈಯಲ್ಲಿ ಆ ಹೆಸರಿನ ಮುಂದೆ ಸರಿ ಗುರುತು ಹಾಕಿಸುತ್ತಿದ್ದರು.

ಒಂದು ದಿನ ನಾನೂ ಜೊತೆಗೆ ಹೋದೆ. ಉಡಿಗಾಲದಲ್ಲಿ ಸೊಳ್ಳೆ ಬ್ಯಾಟಿನ ಹೆಂಗಸಿನ ಮನೆ. ಅವರ ಅಡುಗೆಮನೆಯ ಗೋಡೆಗೆ ನನ್ನ ಲೇಖನ ಅಂಟಿಸಿತ್ತು. ಪೆಟ್ಟಿಗೆ ಹಿತ್ತಲ ಕಟ್ಟೆಯ ಮೇಲೆ. ಪುದೀನ ಸೊಂಪಾಗಿತ್ತು.

"ಕೊಟ್ಟುದ್ನ ಯಾರಾರ ವಾಪಸ್ ಇಸ್ಕತಾರಾ ಅಣ್ಣಾ? ಪ್ಲಾಸ್ಟಿಕ್‌ಗೆ ರೇಟ್ ಬಂತಾ?"

"ಇಸ ಅದೆ ಕಣವ್ವ ಅದ್ರಲ್ಲಿ."

"ಎರಡ್ ವರ್ಸದಿಂದ ತಿಂತಾ ಇವ್ನಿ. ಸತ್ನಾ?" ಗೋಡೆಯ ಕಡೆ ಕೈ ತೋರಿಸಿದರು. "ಪೇಪರ್ನೋರೇ ಬರ್ದವ್ರೆ ನೋಡು, ಒಳ್ಳೇದು ಅಂತ."

ಸೋಲಾರಪ್ಪ ನನ್ನ ಕಡೆ ನೋಡಿದರು. ಅದನ್ನು ಬರೆದವನು ನಾನು, ಅದು ತಪ್ಪು ಎಂದೆ. ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಆವಾಗ ಬರ್ದದ್ದು ತಪ್ಪು ಅಂದ್ರೆ, ಈಗ ಏಳ್ತಿರದು ಸರಿ ಅಂತ ಎಂಗೆ ನಂಬನ ಸಾಮಿ?"

ಕೊನೆಗೆ ಪೆಟ್ಟಿಗೆ ಕೊಟ್ಟರು. ಪುದೀನವನ್ನು ಬೇರು ಸಮೇತ ಕಿತ್ತು ಇಟ್ಟುಕೊಳ್ಳಲು ನೋಡಿದಾಗ ಸೋಲಾರಪ್ಪ ಅದನ್ನೂ ಕೇಳಿ ಇಸಿದುಕೊಂಡರು. "ಒಂದ್ ಕಡ್ಡಿಗೂ ಬಂದೆಯಲ್ಲ" ಎಂದು ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ಊರಿನ ಇನ್ನೊಂದು ಮನೆಯಲ್ಲಿ ವಾದ ಆಗಲಿಲ್ಲ. ಹತ್ತು ತಿಂಗಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಪೆಟ್ಟಿಗೆಯನ್ನು ತಾನೇ ತಂದು ಜಗಲಿಯ ಮೇಲಿಟ್ಟಳು. ದೊಡ್ಡಪತ್ರೆಯ ಗಿಡದಲ್ಲಿ ಎಲೆಗಳಿಗಿಂತ ಕಿತ್ತ ಕುರುಹುಗಳೇ ಹೆಚ್ಚಿದ್ದವು.

"ಸೀತ ಆದಾಗೆಲ್ಲ ಇದ್ರ ರಸನೇ ಆಕಿದ್ದು. ಮಗಿಗೆ ಏನಾಯ್ತದೆ ತಾತ?"

"ರಕ್ತ ಪರೀಕ್ಸೆ ಮಾಡ್ಸವ್ವ."

"ಎಲ್ಲಿ?"

"ಮೈಸೂರ್ಲಿ."

"ಓಗಿ ಏನಂತ ಕೇಳ್ಬೇಕು?"

ಅವರು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡರು. ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಅದರ ಹಿಂದೆ 'ಸೀಸ' ಎಂದು ದೊಡ್ಡದಾಗಿ ಬರೆದು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಷ್ಟು ಹೊತ್ತೂ ಕೂಸು ಅವರ ಕನ್ನಡಕಕ್ಕೆ ಕೈ ಚಾಚುತ್ತಿತ್ತು. ಅವರು ತಲೆ ಹಿಂದಕ್ಕೆ ಎಳೆದುಕೊಂಡರು, ಮುಟ್ಟಿಸಿಕೊಳ್ಳಲಿಲ್ಲ.

ರಸ್ತೆಗೆ ಬಂದ ಮೇಲೆ ಮೊಪೆಡ್ ಸ್ಟಾರ್ಟ್ ಮಾಡದೆ ನಿಂತರು. "ಆಸಿಡ್ ಆಗಿದ್ರೆ ಕೈ ಸುಡ್ತಿತ್ತು ಸಾ. ಗೊತ್ತಾಯ್ತಿತ್ತು" ಎಂದರು.

ಪ್ರಯೋಗಾಲಯದ ಉತ್ತರ ಬಂತು. ಸೊಪ್ಪಿನಲ್ಲೂ ಮಣ್ಣಿನಲ್ಲೂ ಸೀಸ ಇತ್ತು. ಮಗುವಿನ ರಕ್ತಕ್ಕೆ ಯಾವುದರಿಂದ ಎಷ್ಟು ಹೋಯಿತು ಎಂದು ಬೇರ್ಪಡಿಸಿ ಹೇಳಲು ಸಾಧ್ಯವಿಲ್ಲ ಎಂದು ವೈದ್ಯೆ ಹೇಳಿದರು. ತಿದ್ದುಪಡಿ ಪ್ರಕಟವಾಯಿತು. ಒಳಪುಟದಲ್ಲಿ, ನಾಲ್ಕು ಸಾಲು. ಸೋಲಾರಪ್ಪ ಅದೇ ಬೆಳಿಗ್ಗೆ ಫೋನ್ ಮಾಡಿದರು.

"ಫೋಟೊ ಇಲ್ವಾ ಸಾ?"

ತಿದ್ದುಪಡಿಗೆ ಫೋಟೊ ಹಾಕುವ ಪದ್ಧತಿ ಇಲ್ಲ ಎಂದೆ.

"ಓದಕ್ ಬರ್ದೇ ಇರೋರು ಫೋಟೊ ನೋಡ್ಕಂಡೇ ಅಲ್ವಾ ಪೆಟ್ಗೆ ಕೇಳಕ್ ಬಂದಿದ್ದು? ಅದೇ ಫೋಟೊ ಆಕಿ, ಮೇಲೆ ಇಂಟು ಮಾರ್ಕ್ ಎಳೀರಿ. ನಂದೇ ಮೊಕ ತಾನೆ."

ಡೆಸ್ಕಿನವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ನಾನು ಒತ್ತಾಯಿಸಲಿಲ್ಲ.

ವಾಪಸ್ ಬಂದ ಪೆಟ್ಟಿಗೆಗಳನ್ನು ಅವರು ಮುಚ್ಚಿದ ಅಂಗಡಿಯಲ್ಲಿ ಪೇರಿಸಿದರು. ಪುರಸಭೆಯವರು ಇದು ಮಾಲಿನ್ಯ ನಿಯಂತ್ರಣ ಮಂಡಳಿಯವರ ಕೆಲಸ ಎಂದರು. ಮಾಲಿನ್ಯದವರು ತಯಾರಕರ ಕೆಲಸ ಎಂದರು. ತಯಾರಕರ ನಂಬರಿನಲ್ಲಿ ಸಂಗೀತ ಬರುತ್ತಿತ್ತು. ಈಗಲೂ ಅಂಗಡಿಗೆ ಬೀಗವಿದೆ, ಪೆಟ್ಟಿಗೆಗಳು ಒಳಗಿವೆ.

ಮಗಳು ಮತ್ತು ಅಳಿಯ ಬದನಗುಪ್ಪೆ ಹತ್ತಿರ ಬಾಡಿಗೆ ಮನೆ ಮಾಡಿದರು. ಹಳೆಯ ಮನೆಯ ಧೂಳಿನಿಂದ ಮಗುವನ್ನು ದೂರ ಇಡಬೇಕು ಎಂದು ವೈದ್ಯೆ ಹೇಳಿದ್ದರು. ಸೋಲಾರಪ್ಪ ನೋಡಲು ಹೋಗುವ ಮೊದಲು ತಲೆಯಿಂದ ಸ್ನಾನ ಮಾಡಿ, ಅದಕ್ಕೆಂದೇ ಬೇರೆ ಇಟ್ಟಿದ್ದ ಪಂಚೆ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ಆದರೂ ಜಗಲಿಯ ಆ ತುದಿಗೆ ಕೂರುತ್ತಿದ್ದರು. ಮಗು ಹತ್ತಿರ ಬಂದರೆ, "ಅಲ್ಲೇ ಇರು ಕಣಮ್ಮಿ, ಅಲ್ಲಿಂದ್ಲೇ ಮಾತಾಡು" ಎನ್ನುತ್ತಿದ್ದರಂತೆ. ಸ್ನಾನ ಮಾಡಿದ ಮೇಲೆ ಎತ್ತಿಕೊಳ್ಳಬಹುದು ಎಂದು ವೈದ್ಯೆ ಹೇಳಿದ್ದನ್ನು ಮಗಳು ನೂರು ಸಲ ನೆನಪಿಸಿದರು. ಅವರು ಎತ್ತಿಕೊಳ್ಳಲಿಲ್ಲ.

ಮಗುವಿನ ರಕ್ತದಲ್ಲಿ ಸೀಸ ಇಳಿಯಿತು. ಹೊಟ್ಟೆನೋವು ನಿಂತಿತು. ಮಾತು ಪೂರ್ತಿ ಮರಳಿಲ್ಲ. ಅಂಗನವಾಡಿಯಲ್ಲಿ ಬಣ್ಣಗಳ ಹೆಸರನ್ನು ಇವತ್ತು ಕಲಿತರೆ ನಾಳೆ ಮರೆಯುತ್ತಾಳೆ. ಮುಂದೆ ಎಷ್ಟು ಸರಿಹೋಗುತ್ತದೆ ಎಂದು ಯಾರೂ ಹೇಳಿಲ್ಲ.

ಅವರು ತಮ್ಮ ರಕ್ತವನ್ನು ಪರೀಕ್ಷಿಸಿಕೊಳ್ಳಲಿಲ್ಲ. ಕೈ ನಡುಗುತ್ತಿತ್ತು, ಮುಂಗೈ ಜೋಲು ಬಿದ್ದಿತ್ತು, ಆದರೂ ಮೊಪೆಡ್ ಓಡಿಸುತ್ತಿದ್ದರು. ಕೊನೆಗೆ ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆಗೆ ಸೇರಿದರು. ನಾನು ನೋಡಲು ಹೋದಾಗ ಮಗಳು ನೋಟುಪುಸ್ತಕ ಹಿಡಿದು ಹಾಸಿಗೆಯ ಪಕ್ಕ ಕೂತಿದ್ದರು. ಅವರು ಕಣ್ಣು ಮುಚ್ಚಿಕೊಂಡು, ನೆನಪಾದ ಹಾಗೆ ಬಿಟ್ಟುಹೋದ ಮನೆಗಳನ್ನು ಹೇಳುತ್ತಿದ್ದರು.

"ಕುದೇರು. ನೀರಿನ್ ಟ್ಯಾಂಕ್ ಬೀದಿ. ನೀಲಿ ಬಾಗ್ಲು. ಬಾಣಂತಿ ಪೆಟ್ಗೆ."

"ಹೆಸ್ರು ಅಪ್ಪ?"

"ಎಸ್ರು ಗೊತ್ತಿಲ್ಲ. ನೀಲಿ ಬಾಗ್ಲು ಅಂತ ಬರ್ಕೊ."

ನನ್ನನ್ನು ಕಂಡು, "ಇನ್ ಏಳ್ ಮನೆ ಸಾ, ಅಷ್ಟೇ" ಎಂದರು. ರಕ್ತದ ವರದಿ ಬಂದ ಮೇಲೆ ಆ ಮುಖದಲ್ಲಿ ನಾನು ಸಮಾಧಾನ ಕಂಡದ್ದು ಅದೇ ಮೊದಲು, ಅದೇ ಕೊನೆ. ನಾಲ್ಕನೆಯ ದಿನ ತೀರಿಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಫೋನ್ ಮಾಡಿದರು. ಉಳಿದ ಏಳು ಮನೆಗಳಿಗೆ ಹೋಗಬೇಕು, ಜೊತೆಗೆ ಬರುತ್ತೀರಾ ಎಂದರು. ಹಿಂದಿನ ಭಾನುವಾರದವರೆಗೆ ಆರು ಮುಗಿದವು. ಏಳನೆಯದು ಕುದೇರಿನ ನೀಲಿ ಬಾಗಿಲು.

ಆ ಮನೆಯವರು ತಕರಾರು ಮಾಡಲಿಲ್ಲ. ಸೋಲಾರಪ್ಪ ಆ ಬೀದಿಗೆ ಬಂದ ದಿನಗಳಲ್ಲಿ ಊರಿನಲ್ಲಿರಲಿಲ್ಲವಂತೆ, ತಿದ್ದುಪಡಿಯ ಸುದ್ದಿಯೂ ಕೇಳಿರಲಿಲ್ಲ, ವಿಷಯ ಹೇಳಿದ ಕೂಡಲೇ ಪೆಟ್ಟಿಗೆ ತಂದುಕೊಟ್ಟರು. ಮಗಳು ಪುಸ್ತಕದ ಕೊನೆಯ ಹೆಸರಿನ ಮುಂದೆ ಗುರುತು ಹಾಕಿ ಮುಚ್ಚಿದರು. ನಾವು ಹೊರಡುವಾಗ ಮನೆಯವರು, "ಪಕ್ಕದ್ ಮನೆದು ಬ್ಯಾಡ್ವಾ? ಅವ್ರದು ಇನ್ನೂ ದೊಡ್ಡದದೆ" ಎಂದರು.

ಮಗಳು ಪುಸ್ತಕ ತೆರೆದು ನೋಡಿದರು. ಪಕ್ಕದ ಮನೆಗೆ ಆಗಲೇ ಗುರುತು ಬಿದ್ದಿತ್ತು. "ಅಪ್ಪ ಮೂರ್ ಸಲ ಬಂದು ಹೋಗವ್ರೆ, ಅದ್ಕೇ ನೆನಪದೆ. ಅವ್ರು ಎಸ್ದುಬುಟ್ರಂತೆ" ಎಂದರು.

ಪಕ್ಕದ ಹಿತ್ತಲಿನ ಮೋಟುಗೋಡೆಯ ಆಚೆ ದೊಡ್ಡಪತ್ರೆ ಪೊದೆಯಂತೆ ಬೆಳೆದಿತ್ತು. ಬುಡದಲ್ಲಿ ಕಪ್ಪು ಪೆಟ್ಟಿಗೆ. ನಾವು ನೋಡುತ್ತಿರುವುದನ್ನು ಕಂಡು ಆ ಮನೆಯ ಅಜ್ಜಿ ಹೊರಗೆ ಬಂದರು. ಮೂರು ವರ್ಷದ ಮೊಮ್ಮಗಳೊಬ್ಬಳು ಅವರ ಸೀರೆ ಹಿಡಿದುಕೊಂಡಿದ್ದಳು. ನಾವು ಯಾರೆಂದು ಕೇಳಿ ತಿಳಿದ ಮೇಲೆ ಅಜ್ಜಿ ಸೋಲಾರಪ್ಪನವರ ಮಗಳ ಕೈ ಹಿಡಿದುಕೊಂಡರು.

"ನಿಮ್ಮಪ್ಪ ಓಗ್ಬುಟ್ರಾ? ಅಯ್ಯೋ. ಒಳ್ಳೇರು ಕಣವ್ವ. ಮೂರ್ ಸಲ ಬಂದ್ರು ನಮ್ ಮನೆಗೆ."

"ಎಸ್ದೆ ಅಂದಿದ್ರಂತಲ್ಲ ಅಜ್ಜಿ?"

"ಊ ಅಂದೆ. ಆ ಬಿಸ್ಲಲ್ಲಿ ನಿಂತ್ಕಂಡು, ಕೈ ಬೇರೆ ನಡುಗ್ತಿತ್ತು. ಯಾರೋ ಏನೋ ತಲೆಗ್ ತುಂಬವ್ರೆ, ಕೊರಗ್ತಾವ್ರೆ ಅನ್ನುಸ್ತು. ಸಮಾದಾನ ಆಗ್ಲಿ ಅಂತ ಎಸ್ದೆ ಅಂದ್ಬುಟ್ಟೆ. ಸಂತೋಸ ಪಟ್ಕಂಡು ಓದ್ರು ಪಾಪ." ಸ್ವಲ್ಪ ತಡೆದು ಹೇಳಿದರು: "ನಾನ್ ಒಬ್ಳೇ ಅಲ್ಲ ಕಣವ್ವ. ಈ ಬೀದಿಲಿ ಸುಮಾರ್ ಜನ ಅಂಗೇ ಅಂದ್ರು."

ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಗೋಡೆ ದಾಟಿ ಪೆಟ್ಟಿಗೆ ಎತ್ತಿಕೊಂಡು ಬಂದರು. ಜಗಲಿಯ ಮೇಲೆ ಕೂತು ಪುಸ್ತಕ ತೆರೆದರು. ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಎಲ್ಲ ಹೆಸರುಗಳ ಮುಂದೆಯೂ ಒಂದೇ ತರಹದ ಗುರುತು. ಪೆಟ್ಟಿಗೆ ವಾಪಸ್ ಕೊಟ್ಟ ಮನೆಗೂ ಅದೇ, ಎಸೆದೆವು ಎಂದು ಬಾಯಲ್ಲಿ ಹೇಳಿದ ಮನೆಗೂ ಅದೇ.

"ಅಪ್ಪ ಹೇಳೋರು, ನಾನ್ ಗುರ್ತು ಹಾಕೋಳು" ಎಂದರು. "ಬೇರೆ ಮನೆಗಳಲ್ಲಿ ಯಾವ್ದು ಕೊಟ್ಟಿದ್ದು, ಯಾವ್ದು ಎಸ್ದಿದ್ದು ಅಂತ ಕೇಳ್ಲಿಲ್ಲ."

ಅಂಗಡಿಯಲ್ಲಿ ಪೇರಿಸಿರುವುದನ್ನು ಎಣಿಸಿದರೆ ಎಷ್ಟು ಉಳಿದಿವೆ ಎಂದು ತಿಳಿಯುತ್ತದೆ ಎಂದೆ. ಯಾರ ಮನೆಯಲ್ಲಿ ಉಳಿದಿವೆ ಎಂದು ತಿಳಿಯುವುದಿಲ್ಲ ಎಂದರು. ಅದು ಸರಿ.

ಅವರು ಪುಸ್ತಕದ ಮೊದಲ ಪುಟಕ್ಕೆ ಹೋದರು. ಮಕ್ಕಳಿರುವ ಮನೆಗಳ ಪುಟ.

"ಮೊದ್ಲಿಂದ ಹೋಗನ ಸಾ. ಬಂದಿದ್ದೀವಿ, ಈ ಬೀದಿ ಮುಗ್ಸಿಬುಡನ."

ಆ ಬೀದಿಯಲ್ಲಿ ಗುರುತು ಬಿದ್ದ ಮನೆಗಳು ಇನ್ನೂ ನಾಲ್ಕು ಇದ್ದವು. ಅವರು ಎದ್ದು ಸೆರಗು ಸಿಕ್ಕಿಸಿಕೊಂಡು ಹೋಗಿ ಮೊದಲನೆಯದರ ಬಾಗಿಲು ತಟ್ಟಿದರು.